ಕಟ್ಟುವ ತಲೆ, ಓಡುವ ತಲೆ

ಒಂಬತ್ತು ತಿಂಗಳು ಮಾತು ಕಳೆದುಕೊಂಡಿದ್ದ ಮುರಿಗೆಪ್ಪ ಮತ್ತೆ ಬಾಯಿ ತೆರೆದು ಆಡಿದ ಮೊದಲ ಮಾತು ಚಹಾದ ಬಗ್ಗೆ ಇತ್ತು. ಬೆಳಿಗ್ಗೆ ಎಂಟರ ಸುಮಾರು. ಹೆಂಡತಿ ಇಂದುಮತಿ ಲೋಟ ಕೈಗೆ ಕೊಟ್ಟು ಎಂದಿನಂತೆ ಪಕ್ಕದಲ್ಲಿ ಕೂತಿದ್ದಳು. ಅವನು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟ, ಎಡಗೈ ಬೆರಳಿನಿಂದ ಮಂಚದ ಅಂಚಿಗೆ ಎರಡು ಸಲ ಬಡಿದ, ಆಮೇಲೆ ಸ್ಪಷ್ಟವಾಗಿ ಅಂದ:

“ಇಂದೂ, ಚಾ ಭಾಳ ಛಲೋ ಆಗೇತಿ.”

ಇಂದುಮತಿ ಅತ್ತೇಬಿಟ್ಟಳು. ಮಾತು ಬಂದಿತೆಂಬ ಸಂತೋಷ ಒಂದಾದರೆ, ಮದುವೆಯಾದ ಇಪ್ಪತ್ತೆಂಟು ವರ್ಷಗಳಲ್ಲಿ ಅವನು ಚಹಾದ ಬಗ್ಗೆ ಬಾಯಿ ಬಿಟ್ಟದ್ದು ಇದೇ ಮೊದಲು ಎಂಬುದು ಇನ್ನೊಂದು. ಕುಡಿಯುತ್ತಿದ್ದ, ಲೋಟ ಇಟ್ಟು ಡ್ಯೂಟಿಗೆ ಹೋಗುತ್ತಿದ್ದ. ಸೇರಿದ್ದರಿಂದಲೇ ಸುಮ್ಮನಿದ್ದಾನೆ ಎಂದು ಅವಳೇ ತೀರ್ಮಾನ ಮಾಡಿಕೊಂಡಿದ್ದಳು. ಈಗ ಅದಕ್ಕೆ ಗಂಡನ ಬಾಯಿಂದಲೇ ಒಪ್ಪಿಗೆ ಸಿಕ್ಕಂತಾಯಿತು. ಆ ಖುಷಿಯಲ್ಲಿ, ಲೋಟದಲ್ಲಿ ಮುಕ್ಕಾಲು ಚಹಾ ಹಾಗೇ ಉಳಿದದ್ದನ್ನು ನೋಡಿಯೂ ನೋಡದವಳಂತೆ ಎತ್ತಿಕೊಂಡು ಹೋದಳು.

ಮುರಿಗೆಪ್ಪ ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ಮೂವತ್ತು ವರ್ಷ ಮೈಕಿನ ಮುಂದೆ ಕೂತವನು. ಯಾವ ಬಸ್ಸು ಎಷ್ಟನೇ ಪ್ಲಾಟ್‌ಫಾರ್ಮಿಗೆ ಬಂತು, ಯಾವ ಯಾವ ಊರಿನ ಮೇಲೆ ಹೋಗುತ್ತದೆ ಎಂದು ಕೂಗಿ ಹೇಳುವುದು ಅವನ ಕೆಲಸ. ಕೂಗುವ ಮೊದಲು ಮೈಕಿಗೆ ಬೆರಳಿನಿಂದ ಎರಡು ಸಲ ಬಡಿಯುವ ರೂಢಿ. ಮನೆಯಲ್ಲಿ ಉಪ್ಪು ಬೇಕೆಂದರೂ ತಾಟಿನ ಅಂಚಿಗೆ ಎರಡು ಏಟು ಬಿದ್ದೇ ಬೀಳುತ್ತಿತ್ತು. ದಿನವಿಡೀ ಊರಿಗೆಲ್ಲ ಕೂಗಿ ಬಂದವನಿಗೆ ಮನೆಯಲ್ಲಿ ಆಡಲು ಮಾತು ಮಿಗುತ್ತಿರಲಿಲ್ಲವೋ ಏನೋ. ಮಕ್ಕಳಿಲ್ಲದ ಆ ಮನೆಯಲ್ಲಿ ಮಾತು ಕಡಿಮೆಯೇ ಇತ್ತು. ನಿವೃತ್ತಿಗೆ ಇನ್ನೆರಡು ವರ್ಷವಿದೆ ಎನ್ನುವಾಗ ಲಕ್ವಾ ಹೊಡೆಯಿತು. ಬಲಗೈ ಸೋತಿತು, ಮಾತು ಪೂರ್ತಿ ಹೋಯಿತು. ಎದುರಿನವರು ಆಡಿದ್ದೆಲ್ಲ ತಿಳಿಯುತ್ತಿತ್ತು. ಒಳಗಿನ ಮಾತು ನಾಲಿಗೆಯವರೆಗೆ ಬರುವ ದಾರಿ ಮಾತ್ರ ಕುಸಿದು ಕೂತಿತ್ತು.

ಅಂಥ ದಾರಿಗಳನ್ನು ಕಟ್ಟಿಕೊಡುವ ಪ್ರಯೋಗಾಲಯದಲ್ಲೇ ಇಂದುಮತಿಗೆ ಕೆಲಸ. ಅಲ್ಲಿಗೆ ಬರುವ ಮೊದಲು ಅವಳು ಹೊಲದ ಪಂಪ್‌ಸೆಟ್ಟು ನಡೆಸುವ ಸಣ್ಣ ಡಬ್ಬಿಗಳಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದಳು. ಡಬ್ಬಿಯೊಳಗೆ ಅದರದೇ ಪುಟ್ಟ ಆಪರೇಟಿಂಗ್ ಸಿಸ್ಟಮ್. ಪರದೆ ಇಲ್ಲ, ಕೀಲಿಮಣೆ ಇಲ್ಲ, ಕೂತು ಬರೆಯಲು ಜಾಗವೂ ಇಲ್ಲ. ಹಾಗಾಗಿ ಬರೆಯುವುದು ಮೇಜಿನ ಮೇಲಿನ ದೊಡ್ಡ ಕಂಪ್ಯೂಟರಿನಲ್ಲಿ. ಅದರ ಸಿಸ್ಟಮ್ಮೇ ಬೇರೆ. ಬರೆದದ್ದನ್ನು ಕಂಪೈಲರ್ ಎಂಬ ಸಾಧನದಿಂದ ಡಬ್ಬಿಗೆ ತಿಳಿಯುವ ಹಾಗೆ ಅಲ್ಲೇ ಕಟ್ಟಿ, ಆಮೇಲೆ ಡಬ್ಬಿಗೆ ಇಳಿಸಬೇಕು. ಈ ಕೆಲಸದಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ. ಡಬ್ಬಿಯಲ್ಲಿ ಸಿಗದ ಸಾಮಾನು ಬೇಕಾದಾಗ ಸಾಫ್ಟ್‌ವೇರು ಸದ್ದಿಲ್ಲದೆ ದೊಡ್ಡ ಕಂಪ್ಯೂಟರಿನದನ್ನೇ ಎತ್ತಿಕೊಂಡುಬಿಡುತ್ತದೆ. ಮೇಜಿನ ಮೇಲೆ ಎಲ್ಲ ಚೆನ್ನಾಗಿ ಓಡುತ್ತದೆ, ಹೊಲಕ್ಕೆ ಹೋದರೆ ಪಂಪು ಮಿಸುಕುವುದಿಲ್ಲ. ಹೊಸ ಹುಡುಗಿಯರು ‘ನನ್ನಲ್ಲಿ ಓಡ್ತೈತ್ರಿ ಮೇಡಂ’ ಎಂದು ವಾದಿಸಲು ಬಂದರೆ ಇಂದುಮತಿ ಗದರಿಸಿ ಕಳಿಸುತ್ತಿದ್ದಳು.

ಪ್ರತಿಯೊಬ್ಬರ ಮಿದುಳೂ ಒಂದೊಂದು ಬೇರೆ ಆಪರೇಟಿಂಗ್ ಸಿಸ್ಟಮ್ ಎಂದುಕೊಂಡರೆ ಹೇಗೆ ಎಂಬುದು ಪ್ರಯೋಗಾಲಯದವರು ಹಿಡಿದ ಎಳೆ. ಪೆಟ್ಟು ತಿಂದ ತಲೆ ತನ್ನ ದಾರಿಯನ್ನು ತಾನೇ ಕಟ್ಟಿಕೊಳ್ಳಲಾರದು. ಆದ್ದರಿಂದ ಗಟ್ಟಿಮುಟ್ಟಾದ ಒಬ್ಬರನ್ನು ಕೂರಿಸಿ, ತಲೆಗೆ ತಂತಿಯ ಟೊಪ್ಪಿಗೆ ಹಾಕಿ, ಇನ್ನೂರು ತಾಸು ಮಾತಾಡಿಸುವುದು. ವಿಚಾರ ಮಾತಾಗುವ ಬಗೆಯನ್ನು ಕಂಪೈಲರ್ ಅಲ್ಲಿ ಹಿಡಿದು, ರೋಗಿಯ ಮಿದುಳಿಗೆ ಹೊಂದುವ ಹಾಗೆ ಕಟ್ಟುತ್ತದೆ. ಕಟ್ಟಿದ್ದನ್ನು ಅಂಗಿಯ ಗುಂಡಿಯಷ್ಟು ಸಣ್ಣ ಬಿಲ್ಲೆಗೆ ತುಂಬಿ ರೋಗಿಯ ಕಿವಿಯ ಹಿಂದೆ ಅಂಟಿಸುವುದು. ಮೊದಲಿನ ತಲೆಗೆ ‘ಕಟ್ಟುವ ತಲೆ’ ಎಂದೂ ರೋಗಿಯದಕ್ಕೆ ‘ಓಡುವ ತಲೆ’ ಎಂದೂ ಅವರ ಹೆಸರು. ದಾರಿ ಮಾತ್ರ ಕಟ್ಟುವ ತಲೆಯದು. ಶಬ್ದ, ನೆನಪು, ಸಿಟ್ಟು, ಇಷ್ಟಾನಿಷ್ಟ ಎಲ್ಲ ಓಡುವ ತಲೆಯ ಉಗ್ರಾಣದಿಂದಲೇ ಬರಬೇಕು. ಉಗ್ರಾಣದಲ್ಲಿ ಯಾವುದು ಎಲ್ಲಿದೆ ಎಂಬುದಕ್ಕೆ ರೋಗಿಯನ್ನು ತಿಂಗಳುಗಟ್ಟಲೆ ಕೂರಿಸಿ ನಕ್ಷೆ ಬರೆಯುತ್ತಿದ್ದರು.

ಕಟ್ಟುವ ತಲೆ ಮನೆಯವರದಾಗಿರಬಾರದು ಎಂಬುದು ಅಲ್ಲಿಯ ನಿಯಮ. ಏಕೆ ಎಂದು ಯಾರೂ ಬರೆದಿಟ್ಟಿರಲಿಲ್ಲ. ಸಂಬಂಧಿಕರನ್ನು ನೌಕರಿಗೆ ತೆಗೆದುಕೊಳ್ಳಬಾರದು ಎನ್ನುವಂಥ ಕಚೇರಿ ನಿಯಮವಿರಬೇಕೆಂದು ಇಂದುಮತಿ ಅಂದುಕೊಂಡಿದ್ದಳು. ಹೊರಗಿನವರ ತಲೆ ಸಿಗಲು ಎರಡು ವರ್ಷದ ಸರದಿ. ಅವಳು ಮುಖ್ಯಸ್ಥರಾದ ಜಯತೀರ್ಥ ಸರ್ ಹಿಂದೆ ಬಿದ್ದಳು, ಬೇಡಿಕೊಂಡಳು, ಒಮ್ಮೆ ಜಗಳವನ್ನೂ ಆಡಿದಳು. ಅವರು ಕೊನೆಗೆ ನೋಡದವರ ಹಾಗೆ ಇದ್ದುಬಿಟ್ಟರು. ಅವಳೇ ಟೊಪ್ಪಿಗೆ ಹಾಕಿಕೊಂಡು ಇನ್ನೂರು ತಾಸು ಮಾತಾಡಿದಳು.

ಕಟ್ಟುವಾಗ ಕಂಪೈಲರ್ ನಡುನಡುವೆ ಒಂದು ಪ್ರಶ್ನೆ ಕೇಳುತ್ತಿತ್ತು: ‘ಈ ವಸ್ತು ಓಡುವ ತಲೆಯ ನಕ್ಷೆಯಲ್ಲಿ ಸಿಗುತ್ತಿಲ್ಲ. ಕಟ್ಟುವ ತಲೆಯಿಂದ ತೆಗೆದುಕೊಳ್ಳಲೇ?’ ಮುರಿಗೆಪ್ಪನ ನಕ್ಷೆ ಅರ್ಧವೂ ಆಗಿರಲಿಲ್ಲ. ಮೊದಲ ನಲವತ್ತು ಸಲ ಇಂದುಮತಿ ಯೋಚಿಸಿ ಯೋಚಿಸಿ ‘ಹೌದು’ ಒತ್ತಿದಳು. ನಲವತ್ತೊಂದನೆಯದಕ್ಕೆ ಬೇಸತ್ತು ‘ಎಲ್ಲದಕ್ಕೂ ಹೌದು’ ಒತ್ತಿ, ಮನೆಗೆ ಹೋಗಿ ಗಂಡನಿಗೆ ಅನ್ನ ಕಲಸಿದಳು.

ಮಾತು ಬಂದ ಮೇಲಿನ ಎಂಟು ವಾರ ಆ ಮನೆಯಲ್ಲಿ ಹಬ್ಬ. ಬದನೆಕಾಯಿ ಪಲ್ಯ ಮಾಡಲೇ ಎಂದು ಕೇಳುವಷ್ಟರಲ್ಲಿ ‘ಬದನಿಕಾಯಿ ಪಲ್ಯಾ ಮಾಡು’ ಅನ್ನುತ್ತಿದ್ದ. ಅವಳು ಅರ್ಧ ಹೇಳಿದ್ದನ್ನು ಇನ್ನರ್ಧ ಅವನು ಮುಗಿಸುತ್ತಿದ್ದ. ಒಂದು ದಿನವೂ ಎದುರಾಡಲಿಲ್ಲ. ಮೊದಲೆಲ್ಲ ಟಿವಿಯಲ್ಲಿ ಕುಸ್ತಿಯೋ ಧಾರಾವಾಹಿಯೋ ಎಂದು ದಿನಾ ಕಿತ್ತಾಟವಿತ್ತು. ಈಗ ಧಾರಾವಾಹಿಯನ್ನು ಅವನೇ ಕೇಳಿ ಹಾಕಿಸುತ್ತಿದ್ದ, ಕಣ್ಣು ಮಾತ್ರ ಕಿಟಕಿಯ ಕಡೆ ಇರುತ್ತಿತ್ತು. ಪ್ರತಿ ಮಾತಿಗೂ ಮೊದಲು ಬೆರಳು ಎರಡು ಸಲ ಬಡಿಯುತ್ತಿತ್ತು, ಕೆಲವೊಮ್ಮೆ ಮಾತು ಮುಗಿದ ಮೇಲೂ ಬಡಿಯುತ್ತಲೇ ಇರುತ್ತಿತ್ತು. ಕೈ ನಡುಗುತ್ತಿದೆ ಎಂದು ಇಂದುಮತಿ ಎಣ್ಣೆ ತಿಕ್ಕಿದಳು.

ಒಂದು ಮಧ್ಯಾಹ್ನ ಬಟ್ಟೆ ಮಡಚುತ್ತ ಅವಳು ಲಕ್ಷ್ಮೇಶ್ವರದ ತವರಿನ ಸುದ್ದಿ ಎತ್ತಿದಳು. ಹದಿನಾರು ವರ್ಷದ ಹಿಂದೆ ಅವಳ ಅಪ್ಪ ತೀರಿಕೊಂಡಾಗ ಮುರಿಗೆಪ್ಪ ಮಣ್ಣಿಗೆ ಬಂದಿರಲಿಲ್ಲ. ಮೂರು ದಿನ ಬಿಟ್ಟು ಅವಳನ್ನು ಕರೆದೊಯ್ಯಲು ಬಂದವನು ‘ಡ್ಯೂಟಿ ಇತ್ತು’ ಎಂದಷ್ಟೇ ಹೇಳಿ ತಲೆ ತಗ್ಗಿಸಿದ್ದ. ನೆಂಟರ ಬಾಯಿಗೆ ಅವಳು ಸಿಕ್ಕಿದ್ದಳು. ಅಂದಿನಿಂದ ಅದೊಂದು ಮುಳ್ಳು ಒಳಗೇ ಇತ್ತು. ಅವನಿಗೂ ಒಳಗೆ ಪಶ್ಚಾತ್ತಾಪ ಇದ್ದೇ ಇರಬೇಕೆಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಬದುಕಿದ್ದಳು. ಈಗ ಅವನು ಮಂಚ ಬಡಿದು ಅಂದ:

“ಆವತ್ತ ನಾ ಬರಬೇಕಾಗಿತ್ತು, ಇಂದೂ. ತಪ್ಪಾತು.”

ಹದಿನಾರು ವರ್ಷ ಕಾದ ಮಾತು ಅದು. ಇಂದುಮತಿ ಮಡಚಿದ ಬಟ್ಟೆಗೆ ಮುಖ ಒತ್ತಿಕೊಂಡು ಕೂತಳು. ಅವನ ಎಡಗೈ ಆ ಹೊತ್ತೆಲ್ಲ ಮಂಚ ಬಡಿಯುತ್ತಲೇ ಇತ್ತು.

ಅದೇ ವಾರ ಖಾದರ್‌ಸಾಬರು ನೋಡಲು ಬಂದರು. ಲಕ್ಷ್ಮೇಶ್ವರದ ಬಸ್ಸಿಗೆ ಇಪ್ಪತ್ತು ವರ್ಷ ಡ್ರೈವರ್ ಆಗಿದ್ದು ನಿವೃತ್ತರಾದವರು, ಮುರಿಗೆಪ್ಪನ ಹಳೆಯ ಗೆಳೆಯ. ಗೆಳೆಯ ಮಾತಾಡುವುದನ್ನು ಕೇಳಿ ಅವರ ಕಣ್ಣು ತುಂಬಿ ಬಂತು. ನಮ್ಮ ಗಾಡಿಯನ್ನು ಮೊದಲಿನ ಹಾಗೆ ಒಂದು ಸಲ ಕೂಗಿಬಿಡು, ಕಿವಿ ತಂಪಾಗಲಿ ಎಂದು ದುಂಬಾಲು ಬಿದ್ದರು. ಮುರಿಗೆಪ್ಪ ಎರಡು ಏಟು ಬಡಿದು ಗಂಟಲು ಸರಿಮಾಡಿಕೊಂಡ.

“ಪ್ರಯಾಣಿಕರ ಗಮನಕ್ಕೆ. ನಾಲ್ಕನೇ ಪ್ಲಾಟ್‌ಫಾರ್ಮಿನಲ್ಲಿ ನಿಂತಿರುವ ಬಸ್ಸು ಕುಂದಗೋಳ, ಗುಡಗೇರಿ ಮಾರ್ಗವಾಗಿ ಲಕ್ಷ್ಮೇಶ್ವರಕ್ಕೆ ಹೋಗುತ್ತದೆ.”

“ಸಂಶಿ ಎಲ್ಲಿ ಹೋತೋ ಮಾರಾಯ?” ಎಂದರು ಖಾದರ್‌ಸಾಬರು. ಸಂಶಿ ಅವರ ಹುಟ್ಟೂರು, ಕುಂದಗೋಳ ದಾಟಿದ ಮೇಲೆ ಗುಡಗೇರಿಗೆ ಮೊದಲು ಬರುವ ಊರು. ಸಂಶಿಯ ಹೆಸರನ್ನು ಗೆಳೆಯನಿಗೋಸ್ಕರ ಮುರಿಗೆಪ್ಪ ಯಾವಾಗಲೂ ಚೂರು ಎಳೆದು ಕೂಗುತ್ತಿದ್ದನಂತೆ. ಈಗ ಮುರಿಗೆಪ್ಪ ಅದೇ ಸಾಲನ್ನು ಮತ್ತೆ ಹೇಳಿದ. ಮತ್ತೆ ಸಂಶಿ ಇಲ್ಲ. ಮೂರನೆಯ ಸಲವೂ ಇಲ್ಲ. ಬಾಯಿ ತಣ್ಣಗೆ ಕೂಗುತ್ತಿದ್ದರೆ ಎಡಗೈ ಮುಷ್ಟಿಯಾಗಿ ಮಂಚವನ್ನು ಗುದ್ದುತ್ತಿತ್ತು, ಹಣೆಯ ಮೇಲೆ ಬೆವರು ಬಂದಿತ್ತು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಇಂದುಮತಿಗೆ ಖಾದರ್‌ಸಾಬರ ಗಾಬರಿ ಮೊದಲು ಅರ್ಥವೇ ಆಗಲಿಲ್ಲ. ಕುಂದಗೋಳ, ಗುಡಗೇರಿ, ಲಕ್ಷ್ಮೇಶ್ವರ. ದಾರಿ ಸರಿಯಾಗಿಯೇ ಇದೆಯಲ್ಲ ಅನಿಸಿತು. ತವರಿಗೆ ಹೋಗುವಾಗಲೆಲ್ಲ ಅವಳಿಗೆ ಕುಂದಗೋಳ ದಾಟುತ್ತಿದ್ದಂತೆ ನಿದ್ದೆ ಬರುತ್ತಿತ್ತು, ಎಚ್ಚರವಾಗುತ್ತಿದ್ದದ್ದು ಗುಡಗೇರಿಯಲ್ಲಿ. ಇಷ್ಟು ವರ್ಷದಲ್ಲಿ ಅವಳು ಸಂಶಿಯನ್ನು ನೋಡಿಯೇ ಇರಲಿಲ್ಲ. ಅದು ನೆನಪಾದದ್ದೇ ತಡ, ಕೈಯಲ್ಲಿದ್ದ ಚಹಾದ ತಟ್ಟೆಯನ್ನು ಹೊಸ್ತಿಲ ಮೇಲೇ ಇಟ್ಟುಬಿಟ್ಟಳು. ಮೂವತ್ತು ವರ್ಷ ದಿನಾ ಕೂಗಿದವನು ಆ ಊರನ್ನು ಬಿಡಲಾರ. ಬಿಟ್ಟದ್ದು ತಾನು.

ಮರುದಿನ ಪ್ರಯೋಗಾಲಯಕ್ಕೆ ಹೋದವಳೇ ಬಿಲ್ಲೆಯ ದಾಖಲೆ ತೆಗೆಸಿದಳು. ಆಡಿದ ಪ್ರತಿ ಮಾತೂ ಯಾವ ತಲೆಯ ಉಗ್ರಾಣದಿಂದ ಬಂತೆಂದು ಅದರಲ್ಲಿ ಇರುತ್ತದೆ. ಚಾ ಛಲೋ ಆಗೇತಿ ಎಂಬ ಮಾತಿನ ಮುಂದೆ ಕಟ್ಟುವ ತಲೆ ಎಂದಿತ್ತು. ಬದನೆಕಾಯಿ ಪಲ್ಯ, ಧಾರಾವಾಹಿ, ಎಲ್ಲವೂ ಕಟ್ಟುವ ತಲೆಯವೇ. ಬೆರಳು ಇಟ್ಟು ಇಟ್ಟು ಕೆಳಗಿಳಿದು ಆ ಮಧ್ಯಾಹ್ನದ ಸಾಲಿಗೆ ಬಂದಳು. ತಪ್ಪಾತು ಎಂದದ್ದೂ ಕಟ್ಟುವ ತಲೆ. ಎಂಟು ವಾರ ಅವಳು ತನ್ನ ಜೊತೆ ತಾನೇ ಮಾತಾಡಿಕೊಂಡಿದ್ದಳು, ತನ್ನ ಕ್ಷಮೆಯನ್ನು ತಾನೇ ಕೇಳಿಕೊಂಡಿದ್ದಳು. ಇಡೀ ದಾಖಲೆಯಲ್ಲಿ ಓಡುವ ತಲೆಯಿಂದ ತಪ್ಪದೆ ಬಂದ ಮಾತು ಒಂದೇ ಒಂದಿತ್ತು, ‘ಇಂದೂ’.

ಜಯತೀರ್ಥ ಸರ್ ಕನ್ನಡಕ ತೆಗೆದು ಒರೆಸುತ್ತ ಕೂತರು. ನಿಯಮ ಯಾಕಿತ್ತೆಂದು ಇಬ್ಬರಿಗೂ ಈಗ ಹೊಳೆಯಿತು. ಅಪರಿಚಿತರ ಉಗ್ರಾಣದ ಮಾತು ನುಸುಳಿದರೆ ರೋಗಿ ಯಾರದೋ ಎಮ್ಮೆಯ ಹೆಸರು, ಯಾರದೋ ಮಾವನ ಹೆಸರು ಹೇಳುತ್ತಾನೆ, ತಪ್ಪು ಕೂಡಲೇ ಸಿಕ್ಕಿಬೀಳುತ್ತದೆ. ಮನೆಯವರದಾದರೆ ನುಸುಳಿದ ಮಾತೆಲ್ಲ ಸರಿಯಾಗಿಯೇ ಕೇಳಿಸುತ್ತದೆ.

“ಇದನ್ನ ತಗದ್ರ ಅವರು ಮತ್ತ ಮೂಕ ಆಗ್ತಾರ, ಇಂದುಮತಿ,” ಎಂದರು ಸರ್. “ನಕ್ಷೆ ಪೂರ್ತಿ ಮಾಡಿ, ಬ್ಯಾರೆಯವರ ತಲಿ ಮ್ಯಾಲೆ ಹೊಸದಾಗಿ ಕಟ್ಟಬೇಕು. ಎಷ್ಟು ಮಾತು ಬರ್ತಾವ ಅಂತ ಹೇಳ್ಲಿಕ್ಕೆ ಆಗೂದಿಲ್ಲ. ಬರದೇ ಇರಬಹುದು. ಹಿಂಗಽ ಇದ್ರ ಮಾತರ ಇರ್ತದ.”

ಆ ಸಂಜೆಯಿಂದ ಇಂದುಮತಿಗೆ ದಿಕ್ಕು ತಪ್ಪಿದಂತಾಯಿತು. ಬಿಲ್ಲೆ ತೆಗೆಯಬೇಕೋ ಬೇಡವೋ ಎಂದು ಗಂಡನನ್ನೇ ಕೇಳಿದರಾಯಿತು ಅಂದುಕೊಂಡಳು. ಕೇಳಿದಳು. ‘ನಿನಗ ಹೆಂಗ ಅನಸ್ತೈತಿ ಹಂಗ ಮಾಡು’ ಎಂದು ಬಾಯಿ ಹೇಳಿತು. ಅವನು ಹಾಗೆಯೇ ಹೇಳುವನೆಂದು ಅವಳಿಗೆ ಕೇಳುವ ಮೊದಲೇ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಬಾಯಿ ಹಾಗೆ ಹೇಳಿತು. ಹಾಗಾದರೆ ಕೇಳುವುದು ಯಾರನ್ನು? ಈ ದನಿ ಅವನದು, ನಾಲಿಗೆ ಅವನದು, ಮಾತು ತನ್ನದು. ಅಷ್ಟಕ್ಕೂ ಇಪ್ಪತ್ತೆಂಟು ವರ್ಷ ತಾನು ಸಂಸಾರ ಮಾಡಿದ್ದು ಇವನ ಜೊತೆಯೋ, ತನ್ನ ತಲೆಯಲ್ಲಿದ್ದ ಇನ್ನೊಬ್ಬ ಮುರಿಗೆಪ್ಪನ ಜೊತೆಯೋ? ಆ ಇನ್ನೊಬ್ಬ ಒಳ್ಳೆಯವನಿದ್ದ, ಸಿಹಿಯಾಗಿ ಮಾತಾಡುತ್ತಿದ್ದ, ಅವನನ್ನು ಕಳಿಸಿಬಿಡಲು ಅವಳಿಗೆ ಮನಸ್ಸು ಬರಲಿಲ್ಲ. ಎರಡು ದಿನ ಅನ್ನಕ್ಕೆ ಉಪ್ಪು ಹಾಕಿದೆನೋ ಇಲ್ಲವೋ ಎಂಬುದೂ ತಿಳಿಯದೆ ಓಡಾಡಿದಳು.

ಮೂರನೆಯ ದಿನ ಬೆಳಿಗ್ಗೆ ಚಹಾ ತಂದಿಟ್ಟಳು. ಬಹಳ ಚೆನ್ನಾಗಿದೆ ಎಂದ. ಲೋಟ ಮುಕ್ಕಾಲು ಉಳಿಯಿತು. ಇಂದುಮತಿ ಈ ಸಲ ಲೋಟವನ್ನು ಎತ್ತಲಿಲ್ಲ, ಅದನ್ನೇ ನೋಡುತ್ತ ಕೂತಳು. ಬಾಯಿ ತನ್ನದಾದರೂ ಕೈ ಅವನದೇ ಅಲ್ಲವೇ ಎಂದು ಆಗ ಹೊಳೆಯಿತು. ಕಿವಿಯ ಹಿಂದಿನ ಬಿಲ್ಲೆಯನ್ನು ತಾನೇ ತೆಗೆದು ಅವನ ಎಡ ಅಂಗೈಯಲ್ಲಿಟ್ಟಳು.

“ಇದು ಬೇಕಂದ್ರ ನೀವ ಹಚ್ಚಿಕೊಳ್ರಿ. ಬ್ಯಾಡಂದ್ರ ನನ್ನ ಕೈಯಾಗ ಕೊಡ್ರಿ. ನಾ ಏನೂ ಹೇಳೂದಿಲ್ಲ.”

ಮುರಿಗೆಪ್ಪ ಬಿಲ್ಲೆಯನ್ನು ಬಹಳ ಹೊತ್ತು ನೋಡಿದ. ಹೆಂಡತಿಯ ಮುಖ ನೋಡಿದ. ಒಂದು ಸಲ ಕಿವಿಯ ಹತ್ತಿರ ಒಯ್ದ. ಅವಳ ಜೀವ ಹಗುರಾಯಿತೋ ಕುಸಿಯಿತೋ ಅವಳಿಗೇ ತಿಳಿಯಲಿಲ್ಲ. ಆಮೇಲೆ ಅವನು ಕೈ ಕೆಳಗಿಳಿಸಿ, ಬಿಲ್ಲೆಯನ್ನು ಅವಳ ಅಂಗೈಯಲ್ಲಿಟ್ಟು, ಅವಳ ಬೆರಳುಗಳನ್ನು ಒಂದೊಂದಾಗಿ ಮಡಚಿ ಮುಚ್ಚಿದ. ಮನೆ ಮತ್ತೆ ಮೌನವಾಯಿತು.

ನಕ್ಷೆ ಬರೆಯಲು ನಾಲ್ಕು ತಿಂಗಳು ಹಿಡಿಯಿತು. ಇಂದುಮತಿಗೆ ಆ ಕೋಣೆಯೊಳಗೆ ಪ್ರವೇಶವಿರಲಿಲ್ಲ. ಅವಳ ಮುಖ ಕಂಡರೆ ಸಾಕು, ಅವನ ಲಕ್ಷ್ಯವೆಲ್ಲ ಅವಳ ಕಡೆ ಹೋಗಿ ಗೆರೆಗಳು ಕಲಸಿಹೋಗುತ್ತವೆ ಎಂದು ಸರ್ ಹೇಳಿದ್ದರು. ಖಾದರ್‌ಸಾಬರು ದಿನಾ ಬಂದು ಮಾರ್ಗಗಳನ್ನು ಕೂಗುತ್ತಿದ್ದರು. ಗದಗ, ಕೊಪ್ಪಳ ಎಂದು ಒಂದೊಂದು ಊರು ಕೂಗಿದಾಗಲೂ ಪರದೆಯ ಮೇಲೆ ಮುರಿಗೆಪ್ಪನ ತಲೆಯಲ್ಲಿ ಎಲ್ಲೋ ಒಂದು ಚುಕ್ಕೆ ಬೆಳಗುತ್ತಿತ್ತು. ಸಂಶಿ ಎಂದಾಗ ನಾಲ್ಕಾರು ಚುಕ್ಕೆ ಒಟ್ಟಿಗೇ ಬೆಳಗಿದವು. ಗೆಳೆತನ ಅಂದರೆ ಇದು ಎಂದು ಖಾದರ್‌ಸಾಬರು ಹೊರಗೆ ಬಂದು ಎಲ್ಲರಿಗೂ ಹೇಳಿಕೊಂಡು ತಿರುಗಿದರು.

ಜಯತೀರ್ಥ ಸರ್ ಓಡಾಡಿ ಸರದಿಯನ್ನು ಮುಂದಕ್ಕೆ ತಂದದ್ದರಿಂದ ಕಟ್ಟುವ ತಲೆಯಾಗಿ ಬೈಲಹೊಂಗಲದ ಒಬ್ಬ ಅಂಚೆಯವ ಬೇಗ ಸಿಕ್ಕ, ಮುರಿಗೆಪ್ಪನನ್ನು ಕನಸಿನಲ್ಲೂ ಕಂಡವನಲ್ಲ. ಕಂಪೈಲರ್ ಮುಂದೆ ಕೂತವಳು ಮಾತ್ರ ಇಂದುಮತಿಯೇ. ಅದು ಮತ್ತೆ ಅದೇ ಪ್ರಶ್ನೆ ಕೇಳತೊಡಗಿತು. ಒಂದೊಂದು ‘ಇಲ್ಲ’ ಒತ್ತಿದಾಗಲೂ ಗಂಡನ ಬಾಯಿಂದ ಒಂದೊಂದು ಮಾತು ಶಾಶ್ವತವಾಗಿ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಆರುನೂರ ಹನ್ನೆರಡು ಸಲ ಕೇಳಿತು, ಆರುನೂರ ಹನ್ನೆರಡು ಸಲವೂ ಓದಿ ಓದಿ ‘ಇಲ್ಲ’ ಒತ್ತಿದಳು. ಕೊನೆಗೆ ಬೆರಳು ಮರಗಟ್ಟಿತ್ತು.

ಹೊಸ ಬಿಲ್ಲೆ ಅಂಟಿಸಿದ ಮೇಲೆ ಆರು ದಿನ ಏನೂ ಆಗಲಿಲ್ಲ. ಏಳನೆಯ ಬೆಳಿಗ್ಗೆ ಚಹಾದ ಲೋಟ ಕೊಟ್ಟಾಗ ಮುರಿಗೆಪ್ಪ ಮಂಚಕ್ಕೆ ಎರಡು ಏಟು ಬಡಿದ. ಬಾಯಿ ತೆರೆದ, ಮುಚ್ಚಿದ. ಭಾರವಾದ ಚೀಲ ಎತ್ತುವವನ ಹಾಗೆ ಮುಖ ಕೆಂಪಾಯಿತು.

“ಯಾ... ಲಕ್ಕಿ.”

“ಹೌದ್ರಿ, ಹಾಕೇನಿ,” ಎಂದಳು ಇಂದುಮತಿ.

“ಬ್ಯಾಡ.”

“ಇವತ್ತ ಬ್ಯಾಡನ್ರಿ?”

“ಎಂದೂ... ಬ್ಯಾಡ.”

ಇಪ್ಪತ್ತೆಂಟು ವರ್ಷ ದಿನಕ್ಕೆರಡು ಸಲ ಕುಟ್ಟಿ ಹಾಕಿದ ಯಾಲಕ್ಕಿ ಅವಳ ಕಣ್ಣ ಮುಂದೆ ರಾಶಿ ಬಿತ್ತು. ಮೊದಲೇ ಹೇಳಬಾರದಿತ್ತೇ ಎಂದು ಬೈಯಬೇಕೆನಿಸಿತು, ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಸಿಟ್ಟು ತರಿಸುವ ಈ ಮನುಷ್ಯ ತನ್ನ ತಲೆಯೊಳಗಿನವನಲ್ಲ ಎನ್ನುವುದರಲ್ಲಿ ಅವಳಿಗೆ ಸಂಶಯ ಉಳಿಯಲಿಲ್ಲ. ಆ ಧೈರ್ಯದಲ್ಲೇ, ಕೇಳಬಾರದೆಂದು ನಿರ್ಧರಿಸಿದ್ದನ್ನು ಕೇಳಿಬಿಟ್ಟಳು.

“ಅಪ್ಪನ ಮಣ್ಣಿಗೆ ಯಾಕ ಬರಲಿಲ್ರಿ ನೀವು?”

ಬೆರಳು ಎರಡು ಸಲ ಬಡಿಯಿತು. ಮತ್ತೆ ಆ ಹೆಣಗಾಟ.

“ಬಂದಿದ್ದೆ.”

ಬರಲಿಲ್ಲ ಎನ್ನಲು ಹೋಗಿ ನಾಲಿಗೆ ತಪ್ಪಿತೇನೋ ಎಂದುಕೊಂಡಳು. ಹೊಸ ಬಿಲ್ಲೆಯಲ್ಲಿ ಎಲ್ಲೋ ಗಂಟು ಬಿದ್ದಿದೆ, ಸರ್‌ಗೆ ಹೇಳಬೇಕು ಎಂದೂ ಅನಿಸಿತು. ಮುರಿಗೆಪ್ಪ ಅವಳ ಮುಖ ನೋಡಿ ಸಿಟ್ಟಿನಿಂದ ತಲೆ ಅಲ್ಲಾಡಿಸಿದ.

“ಬಂದಿದ್ದೆ. ಸಂಶೀ... ಸಂಶೀತನಾ. ಬಸ್ಸು... ಕೆಟ್ಟತು. ಮೂರು... ತಾಸು.”

ಇಂದುಮತಿ ತನ್ನ ತಲೆಯ ಮೂಲೆಮೂಲೆಯನ್ನೂ ತಡಕಿದಳು. ಎಲ್ಲೂ ಇರಲಿಲ್ಲ. ಅವಳ ತಲೆಯಲ್ಲಿ ಯಾವ ಬಸ್ಸೂ ಸಂಶಿಯಲ್ಲಿ ಎಂದೂ ನಿಂತಿರಲಿಲ್ಲ, ಅಲ್ಲಿ ರಸ್ತೆ ಬದಿಯಲ್ಲಿ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಯಾರೂ ಮೂರು ತಾಸು ಕಾದಿರಲಿಲ್ಲ. ಅಷ್ಟರಲ್ಲಿ ಲಕ್ಷ್ಮೇಶ್ವರದಲ್ಲಿ ಮಣ್ಣು ಆಗಿಹೋಗಿತ್ತು.

“ನನಗ ಯಾಕ ಹೇಳಲಿಲ್ರಿ?”

“ಬಸ್ಸಿನಾಂವ... ಬಸ್ಸು ಕೆಟ್ಟತು... ಅಂದ್ರ...”

ಮುಂದಿನ ಮಾತು ಸಿಗಲಿಲ್ಲ. ಹುಡುಕಿದ, ಹುಡುಕಿ ಸೋತು ಎಡ ಅಂಗೈಯನ್ನು ಬರಿದಾಗಿ ಚಾಚಿದ. ಅರ್ಧ ಮಾತನ್ನು ಈ ಸಲ ಇಂದುಮತಿಯೇ ಮುಗಿಸಿದಳು.

“ನಾ ನಂಬತಿದ್ದಿಲ್ರಿ,” ಎಂದಳು.

ಅವನು ತಲೆಯಾಡಿಸಿದ.

ಲೋಟ ಎತ್ತಿಕೊಂಡು ಅಡುಗೆಮನೆಗೆ ಬಂದಳು. ಆ ದಿನ ಬಸ್ಸು ಕೆಟ್ಟದ್ದು ನಿಜವೇ ಎಂದು ಖಾದರ್‌ಸಾಬರಿಗೆ ಫೋನು ಮಾಡಿ ಕೇಳಬಹುದಿತ್ತು. ಆ ಗಾಡಿಯ ಡ್ರೈವರ್ ಅವರೇ ಇದ್ದಿರಬಹುದು. ಫೋನು ಕೈಗೆ ತೆಗೆದುಕೊಂಡಳು, ಸ್ವಲ್ಪ ಹೊತ್ತು ಹಿಡಿದುಕೊಂಡು ನಿಂತಳು, ಇಟ್ಟುಬಿಟ್ಟಳು. ಯಾಲಕ್ಕಿ ಡಬ್ಬಿಯನ್ನು ಹಿಂದಕ್ಕೆ ಸರಿಸಿ ಹೊಸದಾಗಿ ನೀರು ಕಾಯಲು ಇಟ್ಟಳು. ಅಷ್ಟರಲ್ಲಿ ಒ‌ಳಗಿನಿಂದ ಮಂಚಕ್ಕೆ ಎರಡು ಸಲ ಬಡಿದ ಸದ್ದು ಬಂತು.

ಇಂದುಮತಿ ಒಲೆ ಆರಿಸಿ ಹೋದಳು. ಅವನು ಏನು ಹೇಳುತ್ತಾನೆಂದು ಅವಳಿಗೆ ಸ್ವಲ್ಪವೂ ಗೊತ್ತಿರಲಿಲ್ಲ.